ರೈಲ್ ಬೈಕು, ರೈಲ್ ಬಸ್ಸು ಮತ್ತು ಒಂದು ಟ್ರಾಲಿ

ನಮ್ಮ ಬ್ಯಾಡರಹಳ್ಳಿಗೆ ರೈಲಿಲ್ಲ. ಮಾಗಡಿ ರಸ್ತೆ ಇದೆ, ಅದರ ತುಂಬಾ ಬಸ್ಸು, ಲಾರಿ, ಟೆಂಪೊ ಇವೆ, ಅವುಗಳ ಸಂದಿಯಲ್ಲಿ ತೂರಿಕೊಂಡು ಸುಂಕದಕಟ್ಟೆ ದಾಟೋದಕ್ಕೆ ದಿನಾ ಹೆಣಗುವ ನಾವಿದ್ದೇವೆ. ಹೊಸಹಳ್ಳಿಯಿಂದ ಕಡಬಗೆರೆ ತನಕ ಹನ್ನೆರಡೂವರೆ ಕಿಲೋಮೀಟರ್ ಮೆಟ್ರೊ ಮಾರ್ಗಕ್ಕೆ 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಅದು ಬರುವಾಗ ಬರಲಿ.

ರೈಲೇ ಇಲ್ಲದ ಈ ಊರಿನಲ್ಲಿ, ನನಗೆ ಗೊತ್ತಿರುವ ಅತಿ ದೊಡ್ಡ ರೈಲ್ವೆ ಪಂಡಿತರೊಬ್ಬರು ನಮ್ಮ ಹಿಂದಿನ ಬೀದಿಯಲ್ಲೇ ಇದ್ದಾರೆ. ವಯಸ್ಸು ಎಂಬತ್ತರ ಹತ್ತಿರ. ಊರು ಶಿವಮೊಗ್ಗದ ಆಚೆ, ಕುಂಸಿ ಕಡೆ. ಮಗ ಇಲ್ಲಿ ಸೈಟು ತಗೊಂಡು ಮನೆ ಕಟ್ಟಿಸಿದ ಮೇಲೆ ಬಂದು ಸೇರಿಕೊಂಡವರು. ಹಾಲಿನ ಬೂತಿನ ಹತ್ತಿರ ಆದ ಪರಿಚಯ, ನಾನು ‘ಯಜಮಾನ್ರೇ’ ಅಂತ ಕರೆಯುತ್ತೇನೆ. ರೈಲ್ವೆಯಲ್ಲಿ ಏನಾಗಿದ್ರಿ ಅಂತ ಕೇಳಿದಾಗಲೆಲ್ಲ ‘ಇಂಜಿನಿಯರಿಂಗ್ ಡಿಪಾರ್ಟ್‌ಮೆಂಟು’ ಅಂತಷ್ಟೇ ಹೇಳುತ್ತಿದ್ದರು. ಪಾಪ, ದೊಡ್ಡ ಇಂಜಿನಿಯರ್ ಆಗಿದ್ದವರು, ಎಷ್ಟು ಸರಳವಾಗಿದ್ದಾರೆ ಅಂತ ನಾನು ಅಂದುಕೊಂಡಿದ್ದೆ. ಅವರು ಟ್ರಾಲಿಮ್ಯಾನ್ ಆಗಿದ್ದರು ಅಂತ ಗೊತ್ತಾಗಿದ್ದು ಕೊರಿಯಾದ ಒಂದು ವಿಡಿಯೊದಿಂದ. ಹಾಗಾಗಿ ಮೊದಲು ಕೊರಿಯಾ ಕಥೆ ಹೇಳಿಬಿಡುತ್ತೇನೆ.

ನನ್ನ ತಮ್ಮ ಅಲ್ಲಿ ಕೆಲಸದಲ್ಲಿದ್ದಾನೆ. ನಾನು ಹೊರಡುವ ಮುಂಚೆ ಫೋನಿನಲ್ಲಿ, ‘ನಿನಗೆ ರೈಲ್ ಬೈಕ್ ತೋರಿಸ್ತೀನಿ ಬಾ’ ಅಂದ. ನನಗೆ ಕೇಳಿಸಿದ್ದು ‘ರೈಲ್ ಬಸ್’ ಅಂತ. ಶಿವಮೊಗ್ಗ–ತಾಳಗುಪ್ಪದ ರೈಲ್ ಬಸ್ಸಿನಲ್ಲಿ ಓಡಾಡಿದವರ ಕಿವಿಗೆ ಹಾಗೇ ಕೇಳಿಸೋದು! ಅಲ್ಲಿಗೆ ಹೋಗಿ ನೋಡಿದರೆ ಬಸ್ಸಲ್ಲ. ಹಳಿಯ ಮೇಲೆ ನಾಲ್ಕು ಕಬ್ಬಿಣದ ಗಾಲಿ, ಮೇಲೆ ಸೀಟು, ಕಾಲಿಗೆ ಸೈಕಲ್ ಪೆಡಲು. ಇಬ್ಬರು ಕೂರುವಂಥದ್ದು ಒಂದು, ನಾಲ್ಕು ಜನ ಕೂರುವಂಥದ್ದು ಇನ್ನೊಂದು. ಹ್ಯಾಂಡಲ್ ತಿರುಗಿಸುವ ತಾಪತ್ರಯ ಇಲ್ಲ. ಹಳಿ ಎತ್ತ ಕರಕೊಂಡು ಹೋಗುತ್ತೋ ಅತ್ತ. ತುಳಿಯೋದು, ಮುಂದಿನ ಗಾಡಿಗೆ ಗುದ್ದದ ಹಾಗೆ ಬ್ರೇಕ್ ಎಳೆಯೋದು, ಎರಡೇ ಕೆಲಸ.

ಸಿಯೋಲ್‌ನಿಂದ ಈಶಾನ್ಯಕ್ಕೆ ಚುನ್‌ಚೊನ್ ಅಂತ ಒಂದು ಊರು. ಅಲ್ಲಿಗೆ ಹೋಗುವ ರೈಲುಮಾರ್ಗ 1939ರಲ್ಲಿ ಶುರುವಾದದ್ದು, ಜಪಾನೀಯರ ಆಳ್ವಿಕೆಯ ಕಾಲದಲ್ಲಿ. ಊರಿಗೆ ರೈಲಿಲ್ಲ ಅನ್ನುವ ಕಾರಣಕ್ಕೆ ಪ್ರಾಂತ್ಯದ ಕಚೇರಿ ರೈಲಿರುವ ಬೇರೆ ಊರಿಗೆ ಹೋಗಿಬಿಟ್ಟೀತು ಅನ್ನುವ ಭಯದಲ್ಲಿ ಚುನ್‌ಚೊನ್‌ನ ಜನ ದುಡ್ಡು ಹಾಕಿ, ಖಾಸಗಿ ಕಂಪನಿ ಮಾಡಿಕೊಂಡು ಹಾಕಿಸಿಕೊಂಡ ಹಳಿ ಅದು. ಏಳು ದಶಕ ಓಡಿದ ಮೇಲೆ, 2010ರ ಡಿಸೆಂಬರಿನಲ್ಲಿ ಅಲ್ಲಿ ವಿದ್ಯುತ್ ರೈಲಿನ ಜೋಡಿ ಮಾರ್ಗ ಬಂತು. ಹೊಸ ಮಾರ್ಗವನ್ನು ಅನೇಕ ಕಡೆ ಹೊಸ ಸುರಂಗ ಕೊರೆದು ನೇರವಾಗಿ ಎಳೆದರು. ಬುಕ್‌ಹಾನ್ ನದಿಯ ದಂಡೆಯಲ್ಲಿ ಸೊಟ್ಟಸೊಟ್ಟಗೆ ಹೋಗುತ್ತಿದ್ದ ಹಳೆಯ ಒಂಟಿ ಹಳಿ ಹಾಗೇ ಬಿದ್ದುಕೊಂಡಿತು. 2012ರಲ್ಲಿ ಅದರ ಮೇಲೆ ಈ ಪೆಡಲು ಗಾಡಿಗಳನ್ನು ಇಳಿಸಿದರು. ಆರು ಕಿಲೋಮೀಟರ್ ತುಳಿಯಬೇಕು, ಆಮೇಲೆ ಒಂದು ಪುಟಾಣಿ ರೈಲು ಗಾಂಗ್‌ಚೊನ್ ಅನ್ನುವ ಹಳೆಯ ಸ್ಟೇಷನ್ನಿಗೆ ಕರಕೊಂಡು ಹೋಗುತ್ತದೆ. ನಡುವೆ ಸುರಂಗಗಳು. ಒಂದರಲ್ಲಿ ಬಣ್ಣದ ದೀಪ, ಇನ್ನೊಂದರಲ್ಲಿ ಕಿವಿ ಗುಯ್ ಅನ್ನುವ ಹಾಡು. (ಸುರಂಗದೊಳಗೆ ಡಿಸ್ಕೊ ಯಾಕೆ ಬೇಕಿತ್ತೋ ನನಗಂತೂ ತಿಳಿಯಲಿಲ್ಲ. ತಮ್ಮನ ಮಗಳು ಮಾತ್ರ ಕುಣಿದು ಕುಪ್ಪಳಿಸಿದಳು.) ಸುರಂಗ ದಾಟಿದ ತಕ್ಷಣ ಕೆಳಗೆ ನದಿ, ಆಚೆ ಬೆಟ್ಟ, ಹಳಿಯ ಸಂದು ದಾಟುವಾಗ ಟಕ್ ಟಕ್ ಸದ್ದು. ಆ ಸದ್ದಿಗೆ ಮಾತ್ರ ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಹೊರಡುವ ಜಾಗದ ಹೆಸರು. ಕಿಮ್ ಯುಜಂಗ್ ಸ್ಟೇಷನ್ ಅಂತ. ಕಿಮ್ ಯುಜಂಗ್ ಒಬ್ಬ ಕಥೆಗಾರ. 1908ರಲ್ಲಿ ಹುಟ್ಟಿ, ಪಕ್ಕದ ಹಳ್ಳಿಯ ರೈತಾಪಿ ಜನರ ಬಗ್ಗೆ ಕಥೆ ಬರೆದು, ಕ್ಷಯದಿಂದ 1937ರಲ್ಲಿ, ಇಪ್ಪತ್ತೊಂಬತ್ತರ ವಯಸ್ಸಿಗೆ ಹೋಗಿಬಿಟ್ಟ. ರೈಲು ಬಂದದ್ದು ಅವನು ಸತ್ತ ಎರಡು ವರ್ಷಕ್ಕೆ. ಮೊದಲು ಆ ಸ್ಟೇಷನ್ನಿಗೆ ಬೇರೆ ಹೆಸರಿತ್ತು, 2004ರಲ್ಲಿ ಇವನ ಹೆಸರಿಟ್ಟರು. ಕೊರಿಯಾದಲ್ಲಿ ವ್ಯಕ್ತಿಯೊಬ್ಬರ ಹೆಸರು ಹೊತ್ತ ಮೊದಲ ಸ್ಟೇಷನ್ ಅದೇ ಅಂತೆ. ರೈಲ್ ಬೈಕ್ ಹತ್ತುವ ಜಾಗದಲ್ಲಿ ಮನೆಯಷ್ಟು ದೊಡ್ಡ ಪುಸ್ತಕಗಳ ಆಕೃತಿ ನಿಲ್ಲಿಸಿದ್ದಾರೆ. ಅದನ್ನು ನೋಡುತ್ತಿದ್ದ ಹಾಗೆ ನನಗೆ ನಮ್ಮ ಅರಸಾಳು ನೆನಪಾಯಿತು. ಕಥೆಗಾರನೊಬ್ಬನಿಂದ ಹೆಸರು ಪಡೆದ ಪುಟ್ಟ ಸ್ಟೇಷನ್ನು ನಮ್ಮಲ್ಲೂ ಇದೆಯಲ್ಲ!

ವಾಪಸ್ ಬಂದ ಮೇಲೆ ಒಂದು ಬೆಳಿಗ್ಗೆ ಯಜಮಾನರಿಗೆ ಆ ವಿಡಿಯೊ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು, ಫೋನನ್ನು ದೂರ ಹಿಡಿದು ನೋಡಿದರು. ಎರಡನೇ ಸಲ ಹಾಕು ಅಂದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

‘ಇದಕ್ಕೆ ದುಡ್ಡು ಯಾರು ಕೊಡ್ತಾರಪ್ಪ?’

‘ತುಳಿಯೋರೇ ಕೊಡೋದು ಯಜಮಾನ್ರೇ. ಟಿಕೆಟ್ ಇದೆ.’

‘ತುಳಿಯೋರೇ?’ ಅಂದವರು ನಗೋದಕ್ಕೆ ಶುರುಮಾಡಿದರು. ಕೆಮ್ಮು ಬರುವಷ್ಟು ನಕ್ಕರು. ‘ನಮಗೆ ತಿಂಗಳಾದ್ರೆ ಅವರೇ ಸಂಬಳ ಕೊಡ್ತಿದ್ರಲ್ಲಪ್ಪ!’

ಆವತ್ತೇ ಗೊತ್ತಾಗಿದ್ದು, ‘ಇಂಜಿನಿಯರಿಂಗ್ ಡಿಪಾರ್ಟ್‌ಮೆಂಟು’ ಅಂದರೆ ಏನು ಅಂತ.

ರೈಲಿನಲ್ಲಿ ಹೋಗುವಾಗ ಕಿಟಕಿಯಿಂದ ನೀವೂ ನೋಡಿರಬಹುದು. ಹಳಿಯ ಪಕ್ಕ ಕೆಳಗಿಳಿಸಿ ನಿಲ್ಲಿಸಿದ ಮಣೆಯಂಥ ಗಾಡಿ, ಅದಕ್ಕೆ ಸಿಗಿಸಿದ ಛತ್ರಿ, ಕೆಂಪು ಬಾವುಟ, ಪಕ್ಕದಲ್ಲಿ ರೈಲು ದಾಟಲಿ ಅಂತ ಕಾಯುತ್ತಾ ನಿಂತ ನಾಲ್ಕು ಜನ. ಅದೇ ಪುಷ್ ಟ್ರಾಲಿ. ಹಳಿ ಸರಿಯಿದೆಯೇ, ಸ್ಲೀಪರ್ ಕುಸಿದಿದೆಯೇ, ಜಲ್ಲಿ ಜರುಗಿದೆಯೇ ಅಂತ ನೋಡಿಕೊಂಡು ಹೋಗುವ ಇನ್‌ಸ್ಪೆಕ್ಟರ್ ಅದರ ಮೇಲೆ ಕೂರುತ್ತಾರೆ. ಮೊದಲು ಅವರನ್ನು ಪಿ.ಡಬ್ಲ್ಯು.ಐ. ಅನ್ನುತ್ತಿದ್ದರು, ಈಗ ಸೀನಿಯರ್ ಸೆಕ್ಷನ್ ಇಂಜಿನಿಯರ್. ಕೂತವರು ಕೂತಿರುತ್ತಾರೆ, ತಳ್ಳುವವರು ಟ್ರಾಲಿಮ್ಯಾನ್‌ಗಳು. ಯಜಮಾನರು ವಿವರಿಸಿದ್ದು ಹೀಗೆ: ಇಬ್ಬರು ತಳ್ಳಬೇಕು, ಆ ಹಳಿ ಮೇಲೆ ಒಬ್ಬ, ಈ ಹಳಿ ಮೇಲೆ ಒಬ್ಬ. ಜಲ್ಲಿಯ ಮೇಲಲ್ಲ, ಹಳಿಯ ಮೇಲೇ ಓಡಬೇಕು. ಹಳಿಯ ತಲೆ ನಾಲ್ಕು ಬೆರಳಗಲವೂ ಇರೋದಿಲ್ಲ. ಬರಿಗಾಲು. ಚಪ್ಪಲಿ ಹಾಕಿದರೆ ಜಾರುತ್ತದೆ. ಇಳಿಜಾರು ಬಂದರೆ ಹಾರಿ ಟ್ರಾಲಿ ಮೇಲೆ ಕೂರಬಹುದು, ಏರು ಬಂದರೆ ಮತ್ತೆ ಇಳಿಯಬೇಕು. ಇವರಿಬ್ಬರು ದಣಿದರೆ ಕೂತಿದ್ದ ಇನ್ನಿಬ್ಬರು. ಎದುರಿಗೋ ಹಿಂದಿನಿಂದಲೋ ರೈಲು ಬರುವ ಸೂಚನೆ ಸಿಕ್ಕರೆ ನಾಲ್ಕೂ ಜನ ಸೇರಿ ಗಾಡಿಯನ್ನು ಎತ್ತಿ ಹಳಿಯಿಂದ ಪಕ್ಕಕ್ಕೆ ಇಡಬೇಕು, ರೈಲು ಹೋದ ಮೇಲೆ ಮತ್ತೆ ಎತ್ತಿ ಇಡಬೇಕು.

‘ಬೇಸಿಗೇಲಿ ಹಳಿ ಹೇಗಿರುತ್ತೆ ಗೊತ್ತಾ? ದೋಸೆ ಕಾವಲಿ’ ಅಂದರು. ಅಷ್ಟು ಹೇಳಿ ಹಾಲಿನ ಪ್ಯಾಕೆಟ್ ಹಿಡಿದು ಹೊರಟುಹೋದರು. ಮಾತು ಬಿಟ್ಟು ಎದ್ದುಹೋಗುವುದರಲ್ಲಿ ಅವರು ನಿಸ್ಸೀಮರು.

ಕೊರಿಯಾದ ರೈಲ್ ಬೈಕಿಗೂ ನಮ್ಮ ಟ್ರಾಲಿಗೂ ಒಂದೇ ವಂಶ. ಜರ್ಮನಿಯ ಮಾನ್‌ಹೈಮ್ ಊರಿನಲ್ಲಿ ಕಾರ್ಲ್ ಫಾನ್ ಡ್ರೈಸ್ ಅನ್ನುವವನು 1817ರಲ್ಲಿ ಎರಡು ಗಾಲಿಯ, ಪೆಡಲಿಲ್ಲದ ಗಾಡಿಯೊಂದನ್ನು ಮಾಡಿದ. ಅದರ ಮೇಲೆ ಕೂತು, ಕಾಲಿನಿಂದ ನೆಲ ಒದ್ದುಕೊಂಡು ಓಡಿಸಬೇಕು. ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ 1815ರಲ್ಲಿ ಸಿಡಿದು, ಮರುವರ್ಷ ಯೂರೋಪಿನಲ್ಲಿ ಬೆಳೆಯೇ ಆಗದೆ, ಕುದುರೆಗೆ ಮೇವಿಲ್ಲದ ಕಷ್ಟದಲ್ಲಿ ಅವನಿಗೆ ಈ ಯೋಚನೆ ಬಂತು ಅನ್ನುವವರಿದ್ದಾರೆ. ನಮ್ಮ ಸೈಕಲ್ಲಿನ ಮುತ್ತಾತ ಆ ಗಾಡಿ. ಹಳಿಯ ಮೇಲೆ ಮನುಷ್ಯರೇ ಓಡಿಸುವ ಗಾಡಿಗೂ ಅವನ ಹೆಸರಿನಿಂದಲೇ ‘ಡ್ರೈಸಿನ್’ ಅಂತ ಹೆಸರು ಬಂದು, ಯೂರೋಪಿನಲ್ಲಿ ಇವತ್ತಿಗೂ ಉಳಿದಿದೆ. ಅಮೆರಿಕದಲ್ಲಿ ಜಾರ್ಜ್ ಶೆಫೀಲ್ಡ್ ಅನ್ನುವ ಮಿಚಿಗನ್‌ನ ರೈತ ಹಳಿಯ ಮೇಲೆ ಹೋಗುವ ಮೂರು ಗಾಲಿಯ ಗಾಡಿ ಮಾಡಿಕೊಂಡು, ಯಾರಿಗೂ ಹೇಳದೆ ರೈಲ್ವೆ ಹಳಿ ಮೇಲೆ ಓಡಾಡುತ್ತಿದ್ದನಂತೆ. ಒಂದು ರಾತ್ರಿ ಹಳಿ ಮುರಿದಿರುವುದು ಅವನ ಕಣ್ಣಿಗೆ ಬಿದ್ದು, ಬರುತ್ತಿದ್ದ ರೈಲನ್ನು ನಿಲ್ಲಿಸಿದನಂತೆ. ಜನರನ್ನು ಉಳಿಸಿದ, ಕಳ್ಳ ಸವಾರಿ ಬಯಲಾಯಿತು. 1879ರಲ್ಲಿ ಪೇಟೆಂಟೂ ಸಿಕ್ಕಿತು.

ಅಂದರೆ ಈ ಗಾಡಿ ಹುಟ್ಟಿದ ಮೇಲೆ ಅದಕ್ಕೆ ಎರಡು ಬಾಳು. ಒಂದು ಕಡೆ ಹಳಿ ಕಾಯುವವರ ಕೂಲಿ, ಇನ್ನೊಂದು ಕಡೆ ರೈಲು ನಿಂತ ಮೇಲೆ ಮೋಜು. ನಮ್ಮಲ್ಲಿ ಕೂಲಿ ಇದೆ, ಮೋಜು ಯಾಕೆ ಬರಲಿಲ್ಲ? ಹಳೆ ಹಳಿಗಳು ನಮ್ಮಲ್ಲೇನು ಕಡಿಮೆ ಇದ್ದವೇ? ಇದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಯಜಮಾನರನ್ನು ‘ನಿಮ್ಮ ಲೈನಿಗೇ ಹೋಗಿ ಬರೋಣ ಬರ್ತೀರಾ’ ಅಂತ ಕೇಳಿದೆ. ಅವರ ಮಗ ಹಿಂದೆ ಮುಂದೆ ನೋಡಿದ. ಯಜಮಾನರು ಆಗಲೇ ಮಫ್ಲರ್ ಹುಡುಕುತ್ತಿದ್ದರು.

ಮೈಸೂರಿನಿಂದ ಬಂದು ಮೆಜೆಸ್ಟಿಕ್ ಮೇಲೆ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು ಹಿಡಿದೆವು. ಶಿವಮೊಗ್ಗ ದಾಟುವ ತನಕ ಮಲಗಿದ್ದವರು ಆಮೇಲೆ ಎದ್ದು ಕಿಟಕಿಗೆ ಮುಖ ಒತ್ತಿ ಕೂತರು. ಹೊರಗೆ ಕತ್ತಲೆ, ಏನೂ ಕಾಣದು. ಆದರೂ ‘ಕುಂಸಿ’ ಅಂದರು. ಸ್ವಲ್ಪ ಹೊತ್ತಿನ ಮೇಲೆ ‘ಅರಸಾಳು’. ಆಮೇಲೆ ‘ಕೆಂಚನಾಲ’, ‘ಆನಂದಪುರಂ’. ತಿರುವು ಬಂದಾಗ ಮೈ ಎತ್ತ ವಾಲುತ್ತದೆ ಅನ್ನೋದರಿಂದಲೇ ಲೆಕ್ಕ ಹಾಕುತ್ತಿದ್ದರು ಅಂತ ನನ್ನ ಊಹೆ. ಗೇಜು ಬದಲಾದರೂ ದಾರಿ ಹೆಚ್ಚುಕಡಿಮೆ ಅದೇ ಅಲ್ಲವೇ.

ಇಲ್ಲಿ ಸ್ವಲ್ಪ ಇತಿಹಾಸ ಹೇಳದಿದ್ದರೆ ಮುಂದಿನದು ಅರ್ಥವಾಗದು. ಮೈಸೂರು ಸಂಸ್ಥಾನದ ಬಹುತೇಕ ರೈಲುಗಳು ಮೀಟರ್ ಗೇಜಿನವು. ಎರಡು ಹಳಿಯ ನಡುವೆ ಸರಿಯಾಗಿ ಒಂದು ಮೀಟರ್. ಬ್ರಾಡ್‌ಗೇಜ್ ಅಂದರೆ 1,676 ಮಿಲಿಮೀಟರ್. ಮೀಟರ್ ಗೇಜಿಗೆ ಖರ್ಚು ಕಡಿಮೆ. ನಮಗೆ ಹತ್ತಿರದ ಕೆಂಗೇರಿ ಮೇಲೆ ಹೋಗುವ ಬೆಂಗಳೂರು–ಮೈಸೂರು ಮಾರ್ಗವೂ ಹಾಗೆ ಹುಟ್ಟಿದ್ದೇ. 1876–78ರ ಭೀಕರ ಬರಗಾಲದ ಕಾಲದಲ್ಲಿ ಹಸಿದವರ ಕೈಯಲ್ಲಿ ಮಣ್ಣು ಹೊರಿಸಿ, 1882ರ ಹೊತ್ತಿಗೆ ಮುಗಿಸಿದ ಮೀಟರ್ ಗೇಜು. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅಲ್ಲಿಂದ ಮುಂದೆ ಸಂಸ್ಥಾನಕ್ಕೆ ಒಂದು ದೊಡ್ಡ ಆಸೆ ಇತ್ತು, ಸಮುದ್ರ. ಮೈಸೂರಿಗೆ ಒಂದು ಅಂಗುಲ ಕಡಲತೀರ ಇರಲಿಲ್ಲ. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಭಟ್ಕಳದಲ್ಲಿ ಬಂದರು ಆಗಬೇಕು, ಮೈಸೂರಿನ ರೈಲು ಅಲ್ಲಿಗೆ ಮುಟ್ಟಬೇಕು ಅಂತ ಪಟ್ಟು ಹಿಡಿದಿದ್ದರು. ಆದರೆ ಭಟ್ಕಳ ಇದ್ದದ್ದು ಬ್ರಿಟಿಷರ ಮುಂಬಯಿ ಪ್ರಾಂತ್ಯದಲ್ಲಿ. ನಡುವೆ ಘಟ್ಟ ಬೇರೆ. ಆ ಕನಸು ಕೈಗೂಡಲಿಲ್ಲ. ಶಿವಮೊಗ್ಗದಿಂದ ಮುಂದೆ ಹಳಿ 1930ರ ದಶಕದಲ್ಲಿ ಕಾಡಿನ ನಡುವೆ ಸ್ವಲ್ಪ ಸ್ವಲ್ಪವೇ ಸಾಗಿ, 1940ರ ಹೊತ್ತಿಗೆ ತಾಳಗುಪ್ಪ ಮುಟ್ಟಿ ನಿಂತುಬಿಟ್ಟಿತು. ಇವತ್ತಿಗೂ ಅಲ್ಲೇ ನಿಂತಿದೆ. ಜೋಗ ನೋಡಲು ಹೋಗುವವರು ರೈಲಿಳಿಯುವ ಜಾಗ ಅದೇ.

1990ರ ದಶಕದಲ್ಲಿ ದೇಶದ ಹಳಿಗಳನ್ನೆಲ್ಲ ಒಂದೇ ಗೇಜಿಗೆ ತರುವ ಯೋಜನೆ ಶುರುವಾಯಿತು. 1992ರಲ್ಲಿ ಘೋಷಿಸಿದ್ದು. ಬೀರೂರು–ಶಿವಮೊಗ್ಗ ಬ್ರಾಡ್‌ಗೇಜ್ ಆಯಿತು. ಶಿವಮೊಗ್ಗ–ತಾಳಗುಪ್ಪ ಮಾತ್ರ ಮೀಟರ್ ಗೇಜಾಗೇ ಉಳಿಯಿತು. ಎತ್ತಲಿಂದಲೂ ಬೇರೆ ಗಾಡಿ ಬರುವಂತಿಲ್ಲ, ಇಲ್ಲಿಯದು ಎತ್ತಲೂ ಹೋಗುವಂತಿಲ್ಲ. ನೂರು ಕಿಲೋಮೀಟರಿಗೆ ತುಸು ಕಡಿಮೆ ಉದ್ದದ ಒಂದು ದ್ವೀಪ. ಆ ದ್ವೀಪದಲ್ಲಿ ಓಡಾಡಿಕೊಂಡಿದ್ದದ್ದೇ ನಮ್ಮ ರೈಲ್ ಬಸ್ಸು. ಬಸ್ಸಿಗೆ ರೈಲಿನ ಗಾಲಿ ಹಾಕಿದ ಹಾಗೆ. ನಾನು ಅದರಲ್ಲಿ ಹೋದದ್ದು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಗೆಳೆಯರ ಜೊತೆ ಜೋಗಕ್ಕೆ ಅಂತ. ಡ್ರೈವರ್ ಪಕ್ಕದಲ್ಲೇ ನಿಂತುಕೊಂಡರೆ ಎದುರಿಗೆ ಗಾಜು, ಗಾಜಿನಾಚೆ ಹಳಿ, ಹಳಿಯ ಎರಡೂ ಕಡೆ ಕಾಡು ಒತ್ತಿಕೊಂಡು ಬಂದಿರುತ್ತಿತ್ತು. ದನ ಅಡ್ಡ ಬಂದರೆ ಹಾರ್ನ್ ಹೊಡೆದು ಕಾಯುವುದು. ಆತುರವಿದ್ದವರು ಹತ್ತುವ ಗಾಡಿಯೇ ಅಲ್ಲ. ಬಂಗಾರಪೇಟೆ–ಕೋಲಾರದ ನಡುವೆಯೂ ಒಂದು ರೈಲ್ ಬಸ್ಸಿತ್ತು, ಅದರಲ್ಲಿ ಹೋದವರು ನಿಮ್ಮಲ್ಲಿ ಇರಬಹುದು.

ನನಗೆ ಅದು ಮೋಜು. ಸಾಗರದವರಿಗೆ? ಬೆಂಗಳೂರಿಗೆ ಹೋಗಬೇಕಾದವರು ಇದರಲ್ಲಿ ಶಿವಮೊಗ್ಗಕ್ಕೆ ಬಂದು, ಗಂಟುಮೂಟೆ ಇಳಿಸಿ, ಬೇರೆ ರೈಲು ಹತ್ತಬೇಕು. ಹಾಗೆ ಹತ್ತೋದಕ್ಕಿಂತ ನೇರ ಬಸ್ಸೇ ಮೇಲು. ಬ್ರಾಡ್‌ಗೇಜ್ ಬೇಕು ಅಂತ ಅಲ್ಲಿಯ ಜನ ಕೇಳುತ್ತಲೇ ಇದ್ದರು. ಹಳೆಯ ಹಳಿ ಕಿತ್ತರು, ಅದೇ ಏರಿಯನ್ನು ಅಗಲ ಮಾಡಿದರು, ಸೇತುವೆ ಬದಲಿಸಿದರು, 2011ರಲ್ಲಿ ತಾಳಗುಪ್ಪದ ತನಕ ಬ್ರಾಡ್‌ಗೇಜ್ ಮುಟ್ಟಿತು.

ನನ್ನ ಪ್ರಶ್ನೆಗೆ ಉತ್ತರ ಇಲ್ಲೇ ಇತ್ತು ನೋಡಿ. ಕೊರಿಯಾದಲ್ಲಿ ಹೊಸ ರೈಲು ಬೇರೆ ದಾರಿ ಹಿಡಿಯಿತು, ಹಳೆ ಹಳಿ ಅನಾಥವಾಗಿ ಉಳಿಯಿತು, ಅನಾಥವಾದದ್ದಕ್ಕೆ ಪೆಡಲು ಸಿಕ್ಕಿತು. ಅಲ್ಲಿಯ ಮೊದಮೊದಲ ರೈಲ್ ಬೈಕುಗಳಲ್ಲೊಂದು ಜೊಂಗ್‌ಸೊನ್ ಅನ್ನುವ ಕಡೆ 2005ರಲ್ಲಿ ಶುರುವಾದದ್ದು, ಅದು ಕಲ್ಲಿದ್ದಲು ಗಣಿಗಾಗಿ ಹಾಕಿದ್ದ ಮಾರ್ಗ. ಗಣಿ ಮುಚ್ಚಿ, ಜನ ಊರು ಬಿಟ್ಟು, ರೈಲಿನ ಹಂಗೇ ಯಾರಿಗೂ ಇಲ್ಲದಾದ ಮೇಲೆ ಬಂದದ್ದು. ನಮ್ಮಲ್ಲಿ ಹಾಗಾಗಲಿಲ್ಲ. ಹಳೆ ದಾರಿಯ ಮೇಲೇ ಹೊಸ ಹಳಿ ಬಂತು. ಯಶವಂತಪುರದಿಂದ ಯಲಹಂಕ, ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುತ್ತಿದ್ದ ಎರಡೂವರೆ ಅಡಿಯ ನ್ಯಾರೋಗೇಜಿನ ಕಥೆಯೂ ಇದೇ. ಅಲ್ಲಿ ನಂದಿ ಹಾಲ್ಟಿನಂಥ 1915ರ ಕಾಲದ ಹೆಂಚಿನ ಸ್ಟೇಷನ್ನುಗಳು ಉಳಿದಿವೆ, ಹಳಿ ಬ್ರಾಡ್‌ಗೇಜಾಗಿದೆ.

ಒಂದೇ ಒಂದು ಕಡೆ, ಒಂದು ದಶಕದ ಮಟ್ಟಿಗೆ, ನಮ್ಮಲ್ಲೂ ಕೊರಿಯಾದಂಥದ್ದೇ ಆಗಿತ್ತು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ. 1979ರಲ್ಲಿ ಮುಗಿದ ಮೀಟರ್ ಗೇಜ್ ಮಾರ್ಗ, ಘಾಟಿಯ ಭಾಗ 55 ಕಿಲೋಮೀಟರ್, 57 ಸುರಂಗ, 109 ಸೇತುವೆ, ಐವತ್ತು ಅಡಿ ಹೋದರೆ ಒಂದಡಿ ಏರು. ಗೇಜು ಬದಲಿಸಲು 1996ರಲ್ಲಿ ರೈಲು ನಿಲ್ಲಿಸಿದರು. ಮತ್ತೆ ಗೂಡ್ಸ್ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ. ನಡುವಿನ ವರ್ಷಗಳಲ್ಲಿ ಬೆಂಗಳೂರಿನ ಹುಡುಗರು ಬೆನ್ನಿಗೆ ಚೀಲ ಹಾಕಿಕೊಂಡು ಆ ಹಳಿಯ ಮೇಲೆ ನಡೆಯಲು ಹೊರಟರು. ‘ಗ್ರೀನ್ ರೂಟ್’ ಅಂತ ಹೆಸರೂ ಬಂತು. ನಾವು ನಾಲ್ವರು ಎಡಕುಮರಿಯ ಪ್ಲಾಟ್‌ಫಾರ್ಮಿನಲ್ಲಿ ಮಲಗಿದ್ದೆವು, ರಾತ್ರಿಯಿಡೀ ಮಳೆ. ಸುರಂಗದೊಳಗೆ ಬಾವಲಿ, ಕಾಲಿಗೆ ಇಂಬಳ. ಪೆಡಲು ಗಾಡಿ ಇರಲಿಲ್ಲ ಅಷ್ಟೆ, ಮಿಕ್ಕೆಲ್ಲ ಇತ್ತು. (ಈಗ ಹಾಗೆ ಹೊರಡಬೇಡಿ. ಅದು ಜೀವಂತ ಹಳಿ, ಅದರ ಮೇಲೆ ನಡೆಯುವುದು ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ. ಸುರಂಗದಲ್ಲಿ ರೈಲು ಬಂದರೆ ಸರಿಯಲು ಜಾಗವೂ ಕಷ್ಟ. ನೋಡಲೇಬೇಕೆಂದರೆ 2021ರ ಜುಲೈನಲ್ಲಿ ಈ ದಾರಿಗೆ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿ ಬಂದಿದೆ.)

ಇರಲಿ, ತಾಳಗುಪ್ಪಕ್ಕೆ ವಾಪಸ್ ಬರ್ತೀನಿ. ಬೆಳಗಿನ ಜಾವ ಇಳಿದೆವು, ಚಳಿ ಇತ್ತು. ಯಜಮಾನರು ಹಳಿ ಕೊನೆಯಾಗುವ ಕಡೆಗೆ ಒಂದು ಸಲ ನೋಡಿದರು, ‘ಸರಿ, ಕಾಫಿ ಕುಡಿಯೋಣ’ ಅಂದರು. ಅಲ್ಲಿಂದ ಬಾಡಿಗೆ ಕಾರು ಮಾಡಿಕೊಂಡು ಸಾಗರಕ್ಕೆ ಬಂದೆವು. ಸಾಗರದ ಸ್ಟೇಷನ್ನಿಗೆ ರೈಲ್ವೆಯ ಹೆಸರು ಸಾಗರ ಜಂಬಗಾರು. 1951ರಲ್ಲಿ ಕಾಗೋಡಿನ ಗೇಣಿದಾರರ ಸತ್ಯಾಗ್ರಹಕ್ಕೆ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಈ ಊರಿನಲ್ಲಿ. ಸ್ಟೇಷನ್ನಿಗೆ ಅವರ ಹೆಸರಿಡಬೇಕು ಅನ್ನುವ ಮಾತು ಅಲ್ಲಿ ಹಳೆಯದು. ಯಜಮಾನರು ಆಗ ಇನ್ನೂ ಚಿಕ್ಕ ಹುಡುಗ. ‘ನಮ್ಮಪ್ಪ ಹೇಳ್ತಿದ್ರು’ ಅಂದರು. ಅವರಪ್ಪನೂ ಇದೇ ಲೈನಿನಲ್ಲಿ ಗ್ಯಾಂಗ್‌ಮನ್ ಆಗಿದ್ದವರು ಅಂತ ಆಗ ಗೊತ್ತಾಯಿತು. ‘ಅಪ್ಪ ಹಳಿ ಕೂರಿಸಿದ್ದು, ನಾನು ಅದರ ಮೇಲೆ ಓಡಿದ್ದು.’

ರಿಪ್ಪನ್‌ಪೇಟೆ ಹತ್ತಿರದ ಅರಸಾಳು ಮುಟ್ಟಿದಾಗ ಬಿಸಿಲು ಬಂದಿತ್ತು. ಶಂಕರನಾಗ್ ‘ಮಾಲ್ಗುಡಿ ಡೇಸ್’ ಮಾಡುವಾಗ ಊರು ಆಗುಂಬೆಯಲ್ಲಿ ಸಿಕ್ಕಿತು, ಸ್ಟೇಷನ್ ಬೇಕಲ್ಲ? ಅದಕ್ಕೆ ಅರಸಾಳು. ಆರ್. ಕೆ. ನಾರಾಯಣರ ಕಲ್ಪನೆಯಲ್ಲಿ ಮಾಲ್ಗುಡಿ ಮೊದಲು ಮೂಡಿದ್ದೇ ಒಂದು ಪುಟ್ಟ ರೈಲ್ವೆ ಸ್ಟೇಷನ್ ಆಗಿ ಅಂತ ಅವರೇ ಹೇಳಿಕೊಂಡಿದ್ದಾರೆ. ಆ ಊರು ಪುಸ್ತಕದಲ್ಲಿ ಬಂದದ್ದು 1935ರಲ್ಲಿ. ಅತ್ತ ಕೊರಿಯಾದಲ್ಲಿ ಕಿಮ್ ಯುಜಂಗ್ ಬರೆಯುತ್ತಿದ್ದದ್ದೂ ಅದೇ ವರ್ಷಗಳಲ್ಲಿ, ಇತ್ತ ಮಲೆನಾಡಿನ ಕಾಡಿನಲ್ಲಿ ಹಳಿ ಹಾಕುತ್ತಿದ್ದದ್ದೂ ಅದೇ ದಶಕದಲ್ಲಿ. ಗೇಜು ಬದಲಾದ ಮೇಲೆ ಪಾಳುಬಿದ್ದಿದ್ದ ಹಳೆ ಕಟ್ಟಡವನ್ನು ರೈಲ್ವೆಯವರು ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಹೆಂಚಿನ ಮಾಡು, ಮರದ ಕಂಬ, ಧಾರಾವಾಹಿಯನ್ನು ನೆನಪಿಸುವ ಚಿತ್ರಗಳು, ಶಿಲ್ಪಗಳು, ಹಳೆಯ ಬೋಗಿಯಲ್ಲಿ ಚಹಾ. ನನ್ನ ತಲೆಯೊಳಗೆ ಆ ‘ತಾನಾನ ತಾನಾನನಾ’ ಶುರುವಾಗಿಬಿಟ್ಟಿತು, ಏನು ಮಾಡಿದರೂ ನಿಲ್ಲಲಿಲ್ಲ :)

ನಾನು ಒಳಗೆ ಫೋಟೊ ತೆಗೆಯುತ್ತಿದ್ದರೆ ಯಜಮಾನರು ಹೊರಗೆ, ಪ್ಲಾಟ್‌ಫಾರ್ಮಿನ ಅಂಚಿಗೆ ಸ್ವಲ್ಪ ದೂರದಲ್ಲಿ ಕೈ ಕಟ್ಟಿಕೊಂಡು ನಿಂತು ಹಳಿಯನ್ನೇ ನೋಡುತ್ತಿದ್ದರು. ಹತ್ತಿರ ಹೋದೆ.

‘ಎಷ್ಟು ಅಗಲ ಅಲ್ವಾ?’ ಅಂದರು. ಕೈ ಚಾಚಿ ಒಂದು ಅಳತೆ ತೋರಿಸಿದರು. ‘ನಮ್ಮದು ಇಷ್ಟೇ. ಓಡ್ತಾ ಓಡ್ತಾನೇ ಪಕ್ಕದವನ ಹೆಗಲು ಮುಟ್ಟಬಹುದಿತ್ತು. ಜಾರಿದ್ರೆ ಹಿಡ್ಕೋತಿದ್ವಿ.’

‘ನೀವು ಬ್ರಾಡ್‌ಗೇಜಿನಲ್ಲಿ ತಳ್ಳಲೇ ಇಲ್ವಾ?’

‘ಅಷ್ಟರಲ್ಲಿ ರಿಟೈರ್ ಆದೆ. ಟ್ರಾಲಿನೂ ರಿಟೈರ್ ಆಯ್ತು. ಅದರ ಗಾಲಿ ಇದಕ್ಕೆ ಕೂರಲ್ವಲ್ಲ, ಗುಜರಿಗೆ ಹೋಯ್ತು.’

ಕೊರಿಯಾದ ಹಳಿ ಎಷ್ಟಗಲ ಅಂತ ಕೇಳಿದರು. 1,435 ಮಿಲಿಮೀಟರ್, ನಮ್ಮ ಮೆಟ್ರೊದ್ದೂ ಅಷ್ಟೇ ಅಂದೆ. ಆ ವಿಷಯ ಅವರಿಗೆ ಬಹಳ ಇಷ್ಟವಾಯಿತು. ‘ಹಾಗಾದ್ರೆ ಆ ಗಾಡಿ ತಂದು ಮಾಗಡಿ ರೋಡ್ ಮೇಲೆ ಬಿಡಬಹುದು’ ಅಂದರು. ಬಸ್ಸಿಗಿಂತ ಬೇಗ ಹೋದೀತು ಅಂತ ನಾನೂ ಒಪ್ಪಿಕೊಂಡೆ.

ನಾನು ಕೇಳಬೇಕು ಅಂದುಕೊಂಡು ಬಂದಿದ್ದದ್ದನ್ನು ಆಗ ಕೇಳಿದೆ. ಈ ಲೈನನ್ನು ಹಳೆಯದಾಗಿಯೇ ಇಟ್ಟುಕೊಂಡಿದ್ದರೆ? ಕೊರಿಯಾದ ಹಾಗೆ ಪೆಡಲು ಗಾಡಿ ಬಿಟ್ಟಿದ್ದರೆ? ಜೋಗಕ್ಕೆ ಬರುವ ಜನ ಎಷ್ಟಿದ್ದಾರೆ, ಈ ಕಾಡು, ಈ ತಿರುವು... ನಾನು ಸ್ವಲ್ಪ ಉತ್ಸಾಹದಲ್ಲೇ ಹೇಳಿದೆ ಅಂತ ಕಾಣುತ್ತೆ.

ಅವರು ಬೇಗ ಉತ್ತರ ಕೊಡಲಿಲ್ಲ. ಆಮೇಲೆ ಅವರ ಹೆಂಡತಿಯ ವಿಷಯ ಹೇಳಿದರು. ಮೊದಲು ಎಂದೂ ಹೇಳಿರಲಿಲ್ಲ. ಅವರಿಗೆ ಕಿಡ್ನಿ ಕಾಯಿಲೆ, ತಿಂಗಳಿಗೊಮ್ಮೆ ಬೆಂಗಳೂರಿನ ಆಸ್ಪತ್ರೆಗೆ ಕರಕೊಂಡು ಹೋಗಬೇಕಿತ್ತು. ರೈಲ್ ಬಸ್ಸಿನ ಕಾಲ. ಶಿವಮೊಗ್ಗದಲ್ಲಿ ಇಳಿಸಿ, ಕೈ ಹಿಡಿದು ನಡೆಸಿ, ಬೆಂಗಳೂರಿನ ಗಾಡಿ ಹತ್ತಿಸುವಷ್ಟರಲ್ಲಿ ಅವರಿಗೆ ಸಾಕಾಗಿ ಹೋಗುತ್ತಿತ್ತಂತೆ. ‘ಮನೆ ಮುಂದೆ ಹತ್ತಿದ್ರೆ ಮಲಗಿಕೊಂಡು ಬೆಂಗಳೂರು. ಈಗಿನ ರೈಲು ಆಗ ಇದ್ದಿದ್ರೆ...’ ಅಂದು ನಿಲ್ಲಿಸಿದರು. ಹೆಂಡತಿ ತೀರಿಕೊಂಡದ್ದು ಬ್ರಾಡ್‌ಗೇಜ್ ಬರುವ ಮುಂಚೆ.

‘ಕಿತ್ತಿದ್ದು ಒಳ್ಳೇದೇ ಆಯ್ತಪ್ಪ’ ಅಂದರು. ‘ನಮ್ಮಪ್ಪ ಕೂರಿಸಿದ ಹಳಿ ಅಂತ ಬೇಜಾರಾಯ್ತು. ಆದ್ರೆ ಒಳ್ಳೇದಾಯ್ತು.’

ಅಷ್ಟು ಹೊತ್ತಿಗೆ ದೂರದಲ್ಲಿ ಹಳಿಯ ಮೇಲೆ ಏನೋ ಬರುತ್ತಿರುವುದು ಕಾಣಿಸಿತು. ಮೊದಲು ಛತ್ರಿ ಕಂಡಿತು, ಆಮೇಲೆ ಕೆಂಪು ಬಾವುಟ. ಯಜಮಾನರು ಸೊಂಟ ನೆಟ್ಟಗೆ ಮಾಡಿಕೊಂಡು ನಿಂತರು. ಟ್ರಾಲಿ ನಿಧಾನವಾಗಿ ಬಂದು ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ನಿಂತಿತು. ಅದರ ಮೇಲಿದ್ದ ಇಂಜಿನಿಯರ್ ಇಳಿದು ಸ್ಟೇಷನ್ ಮಾಸ್ತರರ ಕೋಣೆಗೆ ಹೋದರು. ನಾಲ್ಕು ಜನ ಹುಡುಗರು, ಕಿತ್ತಳೆ ಬಣ್ಣದ ಜಾಕೀಟು ಹಾಕಿಕೊಂಡವರು, ನೀರಿನ ಬಾಟಲಿ ತೆಗೆದರು. ಮಾತಿನಲ್ಲಿ ಅವರಲ್ಲಿಬ್ಬರು ಉತ್ತರ ಭಾರತದವರು ಅಂತ ಗೊತ್ತಾಯಿತು. ಯಜಮಾನರು ಅವರ ಹತ್ತಿರ ಹೋದರು. ನಾನು ಹಿಂದೆಯೇ ಹೋದೆ, ಹಿಂದಿ ಬೇಕಾದೀತು ಅಂತ. ಬೇಕಾಗಲಿಲ್ಲ. ನಾನು ಈ ಲೈನಿನ ಟ್ರಾಲಿಮ್ಯಾನ್ ಅನ್ನುವುದನ್ನು ತಮ್ಮ ಎದೆ ಮುಟ್ಟಿಕೊಂಡು, ಆಮೇಲೆ ಟ್ರಾಲಿ ಮುಟ್ಟಿ ತೋರಿಸಿದರು. ಹುಡುಗರಿಗೆ ಅರ್ಥವಾಯಿತು. ಒಬ್ಬ ಎದ್ದು ನಿಂತು ಕೈ ಮುಗಿದ. ಅವರಲ್ಲಿ ಹಾವೇರಿ ಕಡೆಯವನೊಬ್ಬ ಇದ್ದ, ‘ಕುಂದರ್ರಿ ಅಜ್ಜಾರ, ನೀರು ಕುಡೀರಿ’ ಅಂದ.

ಯಜಮಾನರು ಕೂರಲಿಲ್ಲ. ಟ್ರಾಲಿಯ ಬ್ರೇಕ್ ಹಿಡಿಯನ್ನು ಒಮ್ಮೆ ಹಿಡಿದು ನೋಡಿದರು, ಬಿಟ್ಟರು. ಹುಡುಗರ ಕಾಲು ನೋಡಿದರು. ನಾಲ್ವರ ಕಾಲಲ್ಲೂ ಬೂಟು.

‘ಹಳಿ ಮೇಲೆ ಓಡುವಾಗ ಬಿಚ್ತೀರೋ, ಹಾಕ್ಕೊಂಡೇ ಓಡ್ತೀರೋ?’ ಅಂತ ಕೇಳಿದರು.

ಹಾವೇರಿಯ ಹುಡುಗ ನಕ್ಕ. ‘ಮುಂಜಾನಿ ಹಾಕ್ಕೊಂಡ ಓಡ್ತೀವ್ರಿ ಅಜ್ಜಾರ. ಮಳಿ ಬಂದ್ರ ಬಿಚ್ತೀವಿ.’

‘ಹ್ಞಾಂ, ಮಳೇಲಿ ಬಿಚ್ಚಲೇಬೇಕು’ ಅಂದರು ಯಜಮಾನರು. ಆಮೇಲೆ ಐದು ನಿಮಿಷ, ಮಳೆಯಲ್ಲಿ ಹಳಿಯ ಮೇಲೆ ಕಾಲ್ಬೆರಳನ್ನು ಹೇಗೆ ಇಡಬೇಕು ಅಂತ ಇಬ್ಬರೂ ಮಾತಾಡಿಕೊಂಡರು. ಇಂಜಿನಿಯರ್ ವಾಪಸ್ ಬಂದು ಕೂತರು. ಇಬ್ಬರು ಹುಡುಗರು ಹಿಂದಿನಿಂದ ಕೈ ಕೊಟ್ಟು ಓಡತೊಡಗಿದರು, ಒಬ್ಬೊಬ್ಬರು ಒಂದೊಂದು ಹಳಿಯ ಮೇಲೆ. ಛತ್ರಿ ತಿರುವಿನಲ್ಲಿ ಮರೆಯಾಗುವ ತನಕ ನೋಡಿ, ನಾವು ಚಹಾ ಕುಡಿಯಲು ಬೋಗಿಯ ಕಡೆ ಹೊರಟೆವು.